ರೇಡಿಯೋ ಸುಮ್ಮನಾದ ದಿನ

ನೋಲೀನ್ ಪ್ರಿಚರ್ಡ್ ಸುಮ್ಮನಿರುವುದನ್ನು ಕಲಿತದ್ದು ಅರವತ್ತನಾಲ್ಕನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಅವಳು ಸುಮ್ಮನಿದ್ದದ್ದನ್ನು ಕಂಡವರು ನ್ಯೂಕ್ಯಾಸಲ್ಲಿನಲ್ಲಿ ಯಾರೂ ಇರಲಿಲ್ಲ. ಬಸ್ ಡಿಪೋದಲ್ಲಿ ಅವಳಿಗಿದ್ದ ಹೆಸರೇ ರೇಡಿಯೋ. ಸ್ಟೇರಿಂಗ್ ಹಿಡಿದು ಕೂತರೆ ಬಾಯಿ ತಾನಾಗಿ ಶುರುವಾಗುತ್ತಿತ್ತು. ಮುಂದಿನ ಸ್ಟಾಪ್ ಯಾವುದು, ಅಲ್ಲಿ ಇಳಿದರೆ ಯಾವ ಬೇಕರಿಯಲ್ಲಿ ಪೈ ಬಿಸಿಬಿಸಿ ಸಿಗುತ್ತದೆ, ಯಾವ ಮನೆಯ ನಾಯಿ ಅಂಚೆಯವನಿಗೆ ಬಾಯಿ ಹಾಕಿತು, ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಯಾರ ಮನೆಯವರು ಎಲ್ಲಿಗೆ ಹೋದರು, ಎಲ್ಲವೂ ಅವಳ ಬಾಯಲ್ಲಿ. ತಮ್ಮ ಸ್ಟಾಪ್ ಬಂದರೂ ಕಥೆ ಮುಗಿಯಲಿ ಎಂದು ಕೆಲವರು ಇಳಿಯದೆ ಕೂರುತ್ತಿದ್ದರಂತೆ. ಇದು ಅವಳೇ ಹೇಳುವ ಮಾತು, ಡಿಪೋದವರು ಅಲ್ಲಗಳೆಯುವುದಿಲ್ಲ.

ಗಂಡ ಟ್ರೆವರ್ ಅದೇ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಕ್ಕಿದ್ದವನು, ಮಿತಭಾಷಿ. "ಅವನ ಪಾಲಿನದ್ದೂ ಸೇರಿಸಿ ನಾನೇ ಆಡ್ತಿದ್ದೆ" ಎನ್ನುತ್ತಾಳೆ ನೋಲೀನ್. ಟ್ರೆವರ್ ತೀರಿಕೊಂಡ. ಅದಾದ ಮೇಲೆ ಕಣ್ಣಿನ ಪರೀಕ್ಷೆಯಲ್ಲಿ ಒಂದು ಕಣ್ಣಿನ ಹಿಂಪದರ ಸವೆದಿದೆ ಎಂದು ಗೊತ್ತಾಯಿತು. ಮನೆಯ ಕಾರು ಓಡಿಸಬಹುದು, ಬಸ್ಸು ಕೂಡದು ಎಂದರು ವೈದ್ಯರು. ಮಗಳು ಲೀಯಾನ್ ದೇಶದ ಇನ್ನೊಂದು ತುದಿಯಲ್ಲಿ, ಪರ್ತಿನಲ್ಲಿ. ಮೇಫೀಲ್ಡಿನ ಮನೆಯಲ್ಲಿ ಮಾತು ಕೇಳುವುದಕ್ಕೆ ಉಳಿದದ್ದು ಹಿತ್ತಲ ಬೇಲಿಗೆ ಬಂದು ಕೂರುವ ಒಂದು ಮ್ಯಾಗ್ಪೈ ಹಕ್ಕಿ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿಕೊಡಲು ಹೋದಳು; ಓದುವವರಿಗೆ ತೊಂದರೆಯಾಗುತ್ತಿದೆ ಎಂದು ಅಲ್ಲಿಯವರು ಬಹಳ ವಿನಯದಿಂದ ಬೀಳ್ಕೊಟ್ಟರು.

ಹೀಗಿರುವಾಗ ಆಡಮ್ಸ್‌ಟೌನಿನ ಒಂದು ಮಾಂಟೆಸರಿ ಶಾಲೆಗೆ ಸಹಾಯಕಿ ಬೇಕಾಗಿದ್ದಾಳೆ ಎಂದು ಯಾರೋ ಹೇಳಿದರು. ಶಾಲೆ ನಡೆಯುತ್ತಿದ್ದದ್ದು ಹಲಗೆ ಗೋಡೆಯ ಹಳೆಯ ಸಭಾಭವನವೊಂದರಲ್ಲಿ. ಹಿಂದೆ ಅಲ್ಲಿ ಶನಿವಾರದ ಕುಣಿತ ಇರುತ್ತಿತ್ತು. ನೋಲೀನ್ ಟ್ರೆವರನನ್ನು ಮೊದಲು ಕಂಡದ್ದು ಆ ನೆಲದ ಮೇಲೇ. ಅದೊಂದೇ ಕಾರಣಕ್ಕೆ ಹೋದೆ ಎನ್ನುತ್ತಾಳೆ.

ಶಿಕ್ಷಕಿ ವೆಸ್ನಾಗೆ ಆಗ ನಲವತ್ತರ ಸುಮಾರು. ಮ್ಯಾಸಿಡೋನಿಯಾದಿಂದ ಬಂದು ಇಲ್ಲಿನ ಕಾರ್ಖಾನೆಗಳಲ್ಲಿ ದುಡಿದವರ ಮಗಳು. ದನಿ ಏರಿಸಿದ್ದನ್ನು ಯಾರೂ ಕೇಳಿದ್ದಿಲ್ಲ. "ಇಲ್ಲಿ ದೊಡ್ಡೋರ ಮಾತು ಕಮ್ಮಿ ಇದ್ದಷ್ಟೂ ಒಳ್ಳೇದು ನೋಲೀನ್" ಎಂದಳು. "ಅಯ್ಯೋ, ನನಗೂ ಹಾಗೇ ಇಷ್ಟ" ಎಂದ ನೋಲೀನ್, ಹಾಗೆ ಯಾಕೆ ಇಷ್ಟ ಎಂಬುದನ್ನು ಚಹಾ ಆರಿ ತಣ್ಣಗಾಗುವವರೆಗೆ ವಿವರಿಸಿದಳು. ವೆಸ್ನಾ ಪೂರ್ತಿ ಕೇಳಿಸಿಕೊಂಡು, ಒಂದು ಟರ್ಮ್ ನೋಡೋಣ ಎಂದಳು.

ಬಾಗಿಲ ಪಕ್ಕದ ಗೋಡೆಯಲ್ಲಿ ಮಕ್ಕಳ ಕೋಟು ನೇತುಹಾಕಲು ಸಾಲಾಗಿ ಕೊಕ್ಕೆಗಳು, ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ. ಒಂದೊಂದರ ಮೇಲೂ ಆಯಾ ಮಗು ತಾನೇ ಹೆಸರು ಬರೆದ ಮರದ ಬಿಲ್ಲೆ. ವೆಸ್ನಾಳದ್ದೂ ಅದೇ ಸಾಲಿನಲ್ಲಿತ್ತು. ನೋಲೀನಳಿಗೆ ಕೊಕ್ಕೆ ಇರಲಿಲ್ಲ. ಆ ಟರ್ಮ್ ಪೂರ್ತಿ ಅವಳ ಮಳೆಕೋಟು ಪೊರಕೆ ಇಡುವ ಬೀರುವಿನ ಹಿಡಿಗೆ ತೂಗಿಕೊಂಡಿತ್ತು.

ಆರರಿಂದ ಒಂಬತ್ತರ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ; ಮೂರು ವರ್ಷ ಅದೇ ಕೋಣೆ, ಅದೇ ಶಿಕ್ಷಕಿ. ಸಾಲು ಬೆಂಚು ಇಲ್ಲ. ಗೋಡೆಯುದ್ದಕ್ಕೂ ತಗ್ಗಿನ ತೆರೆದ ಕಪಾಟುಗಳು, ಅವುಗಳಲ್ಲಿ ಟ್ರೇ ಟ್ರೇಯಾಗಿ ಮಣಿಸರಗಳು, ಲೆಕ್ಕದ ಬಣ್ಣದ ಬಿಲ್ಲೆಗಳು, ತುಂಡು ತುಂಡಾಗಿ ಬಿಚ್ಚಿ ಜೋಡಿಸುವ ನಕ್ಷೆಗಳು. ಮಗು ತನಗೆ ಬೇಕಾದದ್ದನ್ನು ಎತ್ತಿಕೊಂಡು, ಚಾಪೆ ಹಾಸಿಕೊಂಡು, ಸಾಕೆನಿಸುವವರೆಗೆ ಅದರಲ್ಲಿ ಮುಳುಗಿದ್ದು, ಆಮೇಲೆ ಇದ್ದ ಜಾಗದಲ್ಲೇ ಇಡಬೇಕು. ಬೆಳಗಿನಿಂದ ಊಟದ ಹೊತ್ತಿನವರೆಗೆ ಗಂಟೆ ಹೊಡೆಯುವುದಿಲ್ಲ. ವೆಸ್ನಾ ಇಬ್ಬರನ್ನೋ ಮೂವರನ್ನೋ ಕರೆದು ಹೊಸದೊಂದನ್ನು ಮಾಡಿ ತೋರಿಸುತ್ತಾಳೆ, ಎದ್ದು ಹೋಗುತ್ತಾಳೆ. ಮಿಕ್ಕದ್ದು ದೊಡ್ಡವರಿಂದ ಚಿಕ್ಕವರಿಗೆ ದಾಟುತ್ತದೆ. ಕೋಣೆಯಲ್ಲಿ ಗುಜುಗುಜು ಇರುತ್ತದೆ, ಗದ್ದಲವಿಲ್ಲ.

ನೋಲೀನಳ ಕೆಲಸ ಮಣಿಗಳ ಲೆಕ್ಕ ನೋಡುವುದು, ಪೆನ್ಸಿಲ್ ಚೂಪು ಮಾಡುವುದು, ಕಪಾಟು ಒರೆಸುವುದು. ಮೊದಲ ತಪ್ಪು ಆದದ್ದು ಕಪಾಟು ಒರೆಸುವಾಗಲೇ.

ಓಟಿಸ್ ಎಂಬ ಆರು ವರ್ಷದ ಹುಡುಗ ಚಾಪೆಯ ಮೇಲೆ ಮಣಿಗಳಲ್ಲಿ ಕಳೆಯುವ ಲೆಕ್ಕ ಮಾಡುತ್ತಿದ್ದ. ಬಿಡಿ ಮಣಿ ಸಾಲದೆ, ಹತ್ತರ ಒಂದು ಕಡ್ಡಿ ಕೊಟ್ಟು ಹತ್ತು ಬಿಡಿ ಮಣಿ ತರಬೇಕಿತ್ತು. ಮಣಿ ತಂದ, ಕಡ್ಡಿ ಕೊಡುವುದನ್ನು ಮರೆತ. ಉತ್ತರದ ಚೀಟಿ ತಿರುಗಿಸಿ ನೋಡಿದರೆ ತನ್ನ ಬಳಿ ಹತ್ತು ಹೆಚ್ಚಿದೆ. ಹುಬ್ಬು ಗಂಟಿಕ್ಕಿಕೊಂಡು ಮತ್ತೆ ಎಣಿಸಲು ಕೂತ.

"ಪುಟ್ಟಾ, ಆ ಕಡ್ಡಿ ವಾಪಸ್ ಕೊಡಬೇಕಲ್ಲಪ್ಪಾ" ಎಂದಳು ನೋಲೀನ್, ಬಟ್ಟೆ ಹಿಡಿದು ನಿಂತಲ್ಲಿಂದಲೇ.

ಓಟಿಸ್ ಅವಳನ್ನು ನೋಡಿದ, ಕಡ್ಡಿಯನ್ನು ನೋಡಿದ. ಎಲ್ಲವನ್ನೂ ಟ್ರೇಗೆ ಸುರಿದು, ಕಪಾಟಿನಲ್ಲಿಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟ.

ಊಟದ ಹೊತ್ತಿನಲ್ಲಿ ವೆಸ್ನಾ ಪಾತ್ರೆ ತೊಳೆಯುತ್ತಾ ಹೇಳಿದಳು: "ಹತ್ತು ಜಾಸ್ತಿ ಎಲ್ಲಿಂದ ಬಂತು ಅಂತ ಹುಡುಕ್ತಾ ಇದ್ದ. ಇನ್ನೇನು ಸಿಕ್ತಿತ್ತು. ಆ ತಪ್ಪು ಅವನದ್ದು ನೋಲೀನ್. ನೀವು ಕಿತ್ಕೊಂಡ್ರಿ."

"ಸಹಾಯ ಮಾಡ್ದೆ ಕಣಮ್ಮ!"

"ಕೇಳಿದ್ನಾ?"

ನೋಲೀನ್ ಒಂದು ತಟ್ಟೆ ಎತ್ತಿಕೊಂಡು ಒರೆಸತೊಡಗಿದಳು. ತಾನು ಮರುಮಾತಾಡದೆ ಬಿಟ್ಟದ್ದು ಅದೇ ಮೊದಲು ಎಂದು ಅವಳು ಈಗಲೂ ಹೇಳುತ್ತಾಳೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಈ ಶಾಲೆಗಳಲ್ಲಿ ಒಂದು ಪದ್ಧತಿಯಿದೆ. ಕೋಣೆಯಲ್ಲಿ ಉತ್ತರ ಸಿಗದ ಪ್ರಶ್ನೆ ಹುಟ್ಟಿದರೆ ಇಬ್ಬರು ಮೂವರು ಮಕ್ಕಳು ತಾವೇ ಏರ್ಪಾಡು ಮಾಡಿಕೊಂಡು ಅದರ ಬೆನ್ನು ಹತ್ತಿ ಹೊರಗೆ ಹೋಗುತ್ತಾರೆ. ಫೋನ್ ಮಾಡಿ ಕೇಳುವುದು, ದಾರಿ ನೋಡಿಕೊಳ್ಳುವುದು, ಬುತ್ತಿ ಕಟ್ಟಿಕೊಳ್ಳುವುದು, ಎಲ್ಲ ಅವರದ್ದೇ. ದೊಡ್ಡವರೊಬ್ಬರು ಜೊತೆಗಿರುತ್ತಾರೆ, ಆದರೆ ಇಲ್ಲದವರ ಹಾಗೆ. ದಾರಿ ತೋರಿಸಬಾರದು, ನೆನಪಿಸಬಾರದು, ಬೇರೆಯವರ ಹತ್ತಿರ ಅವರ ಪರವಾಗಿ ಮಾತಾಡಬಾರದು. ಮೈಗೆ ಅಪಾಯವಿದ್ದರೆ ಮಾತ್ರ ಬಾಯಿ ಬಿಡಬಹುದು.

ಗಿಡದ ಅಂಗಡಿಗೆ ಹೊರಟ ಇಬ್ಬರು ಹುಡುಗಿಯರ ಜೊತೆ ನೋಲೀನ್ ಮೊದಲ ಸಲ ಹೋದಳು. ಬಸ್ಸಿಗೆ ಕೈ ಮಾಡಿ ನಿಲ್ಲಿಸಿದ್ದು ಅವಳು, ಇಳಿಯಲು ಗುಂಡಿ ಒತ್ತಿದ್ದು ಅವಳು, ಅಂಗಡಿಯವನ ಹತ್ತಿರ ತುಳಸಿಯ ಜಾತಿಗಳ ಬಗ್ಗೆ ಚರ್ಚಿಸಿದ್ದೂ ಅವಳೇ. ಹಿಂದಿರುಗಿದ ಮೇಲೆ ಏನೇನು ನೋಡಿದಿರಿ ಎಂದು ಸಂಗಡಿಗರು ಕೇಳಿದರೆ ಆ ಹುಡುಗಿಯರು "ನೋಲೀನ್ ಹೇಳಿದ್ಳು..." ಎಂದೇ ಪ್ರತಿ ಮಾತನ್ನೂ ಶುರುಮಾಡಿದರು.

ಸಂಜೆ ವೆಸ್ನಾ ಅವಳನ್ನು ಕೂರಿಸಿಕೊಂಡಳು. "ಇವತ್ತು ಹೊರಗೆ ಹೋಗಿ ಬಂದಿದ್ದು ನೀವು. ಮಕ್ಕಳನ್ನ ಜೊತೆಗೆ ಕರ್ಕೊಂಡು ಹೋಗಿದ್ರಿ ಅಷ್ಟೆ."

"ಇನ್ಮೇಲೆ ಬಾಯಿ ಬಿಡಲ್ಲ."

"ಟರ್ಮ್ ಮುಗಿಯೋಕೆ ಮುಂಚೆ ಇನ್ನೊಂದು ಸಲ ಕಳಿಸ್ತೀನಿ. ಆಗ್ಲೂ ಹೀಗೇ ಆದ್ರೆ ಬೇರೆಯವರನ್ನ ನೋಡ್ಬೇಕಾಗತ್ತೆ. ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ಮಕ್ಕಳಿಗೂ ಇಷ್ಟ. ಅದಕ್ಕೇ ಮುಂಚೆನೇ ಹೇಳ್ತಿದ್ದೀನಿ."

"ನನ್ನ ಜೀವಮಾನದಲ್ಲಿ ಬಾಯಿ ಮುಚ್ಚು ಅಂದೋರು ಬೇಕಾದಷ್ಟು ಜನ" ಎನ್ನುತ್ತಾಳೆ ನೋಲೀನ್. "ಅಷ್ಟು ಮರ್ಯಾದೆಯಿಂದ ಯಾರೂ ಅಂದಿರಲಿಲ್ಲ."

ಮೇಫೀಲ್ಡಿನ ಮನೆಗೆ ಹಿಂದಿರುಗಿ, ಬೇಲಿಯ ಮೇಲಿನ ಹಕ್ಕಿಯ ಜೊತೆ ಮಿಕ್ಕ ದಿನ ಕಳೆಯಲು ಅವಳಿಗೆ ಮನಸ್ಸಿರಲಿಲ್ಲ. ಜೇಬಿನ ತುಂಬ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳುವ ಅಭ್ಯಾಸ ಹತ್ತಿಸಿಕೊಂಡಳು. ಮಾತು ನಾಲಿಗೆಯ ತುದಿಗೆ ಬಂದಾಗಲೆಲ್ಲ ಒಂದು ಬಾಯಿಗೆ. ಕಪಾಟಿನ ಹತ್ತಿರ ನಿಂತು ನೋಡುತ್ತಿದ್ದಳು. ಒಂದು ಮಗು ಸಾವಿರ ಮಣಿಯ ಸರವನ್ನು ಕೋಣೆಯ ಈ ತುದಿಯಿಂದ ಆ ತುದಿಗೆ ಹಾಸಿ, ನಡುವೆ ಎಣಿಕೆ ತಪ್ಪಿ, ಯಾರನ್ನೂ ಕೇಳದೆ ಹಿಂದಕ್ಕೆ ನಡೆದು ಬಂದು ಮತ್ತೆ ಶುರುಮಾಡುತ್ತಿತ್ತು. ಒಂದು ದಿನ ಓಟಿಸ್ ಅದೇ ಕಳೆಯುವ ಲೆಕ್ಕ ಹಾಸಿಕೊಂಡು ಕೂತು, ಅದೇ ತಪ್ಪು ಮಾಡಿ, ಅದೇ ಹತ್ತನ್ನು ಹುಡುಕಿ, ಕೊನೆಗೆ ಕಡ್ಡಿಯನ್ನು ಹಿಡಿದೆತ್ತಿ "ಕಳ್ಳ, ಇಲ್ಲಿದ್ದೀಯಾ!" ಎಂದದ್ದನ್ನು ಕಂಡಳು. ಆಗ ಅವಳ ಬಾಯಲ್ಲಿ ಎರಡು ಪೆಪ್ಪರ್‌ಮಿಂಟ್ ಇದ್ದವು.

ಟರ್ಮ್ ಮುಗಿಯಲು ಬಂದಾಗ ವೆಸ್ನಾ ಉದ್ದನೆಯ ಕಪ್ಪು ಬಟ್ಟೆಯ ಸುರುಳಿಯೊಂದನ್ನು ಅಂಗಳಕ್ಕೆ ತಂದಳು. ಮಕ್ಕಳು ಅದನ್ನು ಬಿಚ್ಚುತ್ತಾ ಬಿಚ್ಚುತ್ತಾ ಬೇಲಿಯವರೆಗೆ ಹೋದರು. ಅಷ್ಟೂ ಉದ್ದ ಭೂಮಿಯ ವಯಸ್ಸು. ತುದಿಯಲ್ಲಿ ಹೊಲಿದ ಕೆಂಪು ದಾರದ ಒಂದು ಗೆರೆ ಮನುಷ್ಯರದು. ವೆಸ್ನಾ ವಿವರಣೆ ಕೊಡಲಿಲ್ಲ. ಮಕ್ಕಳು ಬಟ್ಟೆಯ ಪಕ್ಕದಲ್ಲಿ ನಡೆದರು, ಕೆಂಪು ಗೆರೆಯ ಹತ್ತಿರ ಕುಕ್ಕರಗಾಲಲ್ಲಿ ಕೂತರು.

"ಇದರಲ್ಲಿ ಮರ ಎಲ್ಲಿ ಬರತ್ತೆ?" ಎಂದು ಕೇಳಿದವನು ಸೆಫಾ, ಸಮೋವಾ ಮೂಲದ ಮನೆಯ ಎಂಟು ವರ್ಷದ ಹುಡುಗ. ಸ್ವಾನ್ಸಿಯ ಬಂಡೆಗಳ ಮೇಲೆ ಕಲ್ಲಾಗಿ ಹೋದ ಮರಗಳಿವೆ, ಮೀನು ಹಿಡಿಯಲು ಹೋದಾಗ ಕಂಡೆ ಎಂದು ಅವನ ದೊಡ್ಡಪ್ಪ ಹೇಳಿದ್ದರು. ಸಮುದ್ರ ಹಿಂದೆ ಸರಿದಾಗ ಮಾತ್ರ ಹತ್ತಿರ ಹೋಗಬಹುದಂತೆ. ಒಂಬತ್ತು ವರ್ಷದ ಬ್ರಿಡಿ, ಹೋಗೋಣ ಎಂದಳು. ನಾನೂ ಬರ್ತೀನಿ ಎಂದ ಓಟಿಸ್.

ಅವರು ಕೆಲಸ ಹಂಚಿಕೊಂಡರು. ಬ್ರಿಡಿ ನಕ್ಷೆ ಬರೆದಳು: ನಡುವೆ ಮಕ್ವಾರಿ ಸರೋವರ, ಮೂಡಣಕ್ಕೆ ಅದಕ್ಕೂ ಸಮುದ್ರಕ್ಕೂ ನಡುವೆ ಸಾಗುವ ಹೆದ್ದಾರಿ, ತುದಿಯಲ್ಲಿ ಸ್ವಾನ್ಸಿ. ಸೆಫಾ ಪತ್ರಿಕೆಯಲ್ಲಿ ನೋಡಿ ನೀರು ಇಳಿಯುವ ಹೊತ್ತನ್ನು ಗುರುತು ಹಾಕಿಕೊಂಡ. ಓಟಿಸ್‌ಗೆ ಸಿಕ್ಕದ್ದು ಕೇಳುವ ಕೆಲಸ. "ಈ ಬಸ್ಸು ಸ್ವಾನ್ಸಿಗೆ ಹೋಗುತ್ತಾ?" ಎಂಬ ವಾಕ್ಯವನ್ನು ಅವನು ಕೊಕ್ಕೆಗಳ ಮುಂದೆ, ಬಚ್ಚಲಲ್ಲಿ, ಊಟದ ಮೇಜಿನಲ್ಲಿ ಹೇಳಿ ಹೇಳಿ ಗಟ್ಟಿ ಮಾಡಿದ.

ಆ ಶುಕ್ರವಾರ ಚಾರ್ಲ್ಸ್‌ಟೌನಿನವರೆಗೆ ಎಲ್ಲ ಸರಿಯಾಗಿ ಹೋಯಿತು. ಅಲ್ಲಿ ಬಸ್ಸು ಬದಲಿಸಬೇಕು. ಸೆಫಾನ ಟೋಪಿಯನ್ನು ಗಾಳಿ ಎತ್ತಿಕೊಂಡು ಹೋಯಿತು. ಬ್ರಿಡಿ ಅದರ ಹಿಂದೆ ಓಡಿದಳು. ಅಷ್ಟರಲ್ಲಿ ಬಸ್ಸೊಂದು ಬಂದು ನಿಂತು ಬಾಗಿಲು ತೆರೆಯಿತು. ಓಟಿಸ್ ತಲೆ ಎತ್ತಿ ನೋಡಿದರೆ, ಎದೆಯವರೆಗೆ ಗಡ್ಡ ಬಿಟ್ಟ ಚಾಲಕ. ವಾಕ್ಯ ಮರೆತುಹೋಯಿತು.

"ಇದು... ಸರೋವರದ ಹತ್ರ ಹೋಗತ್ತಾ?"

"ಹೋಗ್ದೆ ಏನಪ್ಪಾ! ಉದ್ದಕ್ಕೂ ಸರೋವರನೇ. ಬೇಗ ಹತ್ಕೊಳ್ಳಿ."

ಓಟಿಸ್ ಹಿಂದೆ ತಿರುಗಿ ಗೆದ್ದವನಂತೆ ಕೈ ಬೀಸಿದ. ಬ್ರಿಡಿ, ಸೆಫಾ ಏದುಸಿರು ಬಿಡುತ್ತಾ ಬಂದು ಹತ್ತಿದರು. ಬಸ್ಸಿನ ಮುಂದಿನ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಟೊರಾಂಟೊ ಎಂದಿತ್ತು. ಆ ಊರಿರುವುದು ಸರೋವರದ ಪಡುವಣ ದಂಡೆಯಲ್ಲಿ, ಸ್ವಾನ್ಸಿಗೆ ತದ್ವಿರುದ್ಧ. ನೋಲೀನ್ ವರ್ಷಗಟ್ಟಲೆ ಓಡಿಸಿದ ದಾರಿ. ಅವಳು ಹಲಗೆಯನ್ನು ಓದಿದಳು, ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡಳು, ಹತ್ತಿದಳು.

ಗಡ್ಡದ ಚಾಲಕ ಡಾರಿಲ್ ಡಿಪೋದ ಹಳೆಯ ಗೆಳೆಯ. "ಅರೆ, ರೇಡಿಯೋ! ಬದುಕಿದ್ದೀಯೇನೇ?"

ನೋಲೀನ್ ತಲೆಯಾಡಿಸಿದಳು.

"ಯಾಕೆ ಮಾರಾಯ್ತಿ, ಬ್ಯಾಟರಿ ಖಾಲಿನಾ?"

ಅವಳು ಮಕ್ಕಳ ಕಡೆ ಕೈ ತೋರಿಸಿ, ತುಟಿಗೆ ಬೆರಳಿಟ್ಟಳು. ಡಾರಿಲ್ ಕನ್ನಡಿಯಲ್ಲಿ ಹಿಂದಿನವರನ್ನು ನೋಡಿ ಕೂಗಿದ: "ನೋಡ್ಕೊಳ್ಳಿ ಎಲ್ಲರೂ! ಇಂಥ ದಿನ ಮತ್ತೆ ಬರಲ್ಲ!"

ಬಸ್ಸು ಗುಡ್ಡ ಇಳಿಯಿತು. ವಾರ್ನರ್ಸ್ ಬೇಯಲ್ಲಿ ನೀರು ಕಂಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನೋಲೀನ್ ಗಡಿಯಾರ ನೋಡಿದಳು. ಸಮುದ್ರ ಇವರಿಗಾಗಿ ಕಾಯುವುದಿಲ್ಲ. ಈಗ ಒಂದು ಮಾತು ಆಡಿದರೆ ಮುಂದಿನ ಸ್ಟಾಪಿನಲ್ಲಿ ಇಳಿದು, ಹಿಂದಕ್ಕೆ ಹೋಗಿ, ನೀರು ಏರುವ ಮೊದಲೇ ತಲುಪಬಹುದು. ಆಡಿದರೆ ತನ್ನ ಕೆಲಸ ಹೋಯಿತು. ಆಡದಿದ್ದರೆ ಮಕ್ಕಳ ದಿನ ಹೋಯಿತು, ಬಸ್ಸು ಓಡಿಸಿದವಳೇ ಮಕ್ಕಳನ್ನು ತಪ್ಪು ಬಸ್ಸಿನಲ್ಲಿ ಕೂರಿಸಿದಳು ಎಂದು ಊರೆಲ್ಲ ನಗುತ್ತದೆ. ಆಮೇಲೆ ತಾಯ್ತಂದೆಯರು ತನ್ನನ್ನು ಉಳಿಸಿಕೊಳ್ಳಲು ಬಿಡುತ್ತಾರೆಯೇ? ಪೆಪ್ಪರ್‌ಮಿಂಟ್ ಕಡಿದು ನುಂಗಿದಳು. ಇನ್ನೊಂದು ತೆಗೆದಳು.

ಸ್ಪೀರ್ಸ್ ಪಾಯಿಂಟ್ ದಾಟಿದ ಮೇಲೆ ಬ್ರಿಡಿ ನಕ್ಷೆಯನ್ನು ತೊಡೆಯ ಮೇಲೆ ಬಿಚ್ಚಿದಳು. ಸ್ವಲ್ಪ ಹೊತ್ತು ಅದನ್ನು ನೋಡಿದಳು, ಕಿಟಕಿಯಾಚೆ ನೋಡಿದಳು.

"ಸೆಫಾ, ನೀರು ಯಾವ ಕಡೆ ಇದೆ?"

"ಎಡಗಡೆ."

"ನಕ್ಷೇಲಿ ಬಲಗಡೆ ಇರ್ಬೇಕು."

"ತಲೆಕೆಳಗೆ ಹಿಡ್ಕೊಂಡಿದ್ದೀಯ ಕಣೇ." ಸೆಫಾ ಹಾಳೆಯನ್ನು ತಿರುಗಿಸಿದ. "ನೋಡು, ವಾಪಸ್ ಬರುವಾಗ ಎಡಕ್ಕೆ ಬರತ್ತೆ."

"ನಾವು ವಾಪಸ್ ಬರ್ತಿಲ್ವಲ್ಲೋ! ಇನ್ನೂ ಹೋಗ್ತಾ ಇದ್ದೀವಿ."

ಮೂವರೂ ಒಟ್ಟಿಗೆ ನೋಲೀನಳ ಕಡೆ ತಿರುಗಿದರು. ನೋಲೀನ್ ದೀಪದ ಕಂಬದ ಮೇಲೆ ಕೂತ ಪೆಲಿಕನ್ ಹಕ್ಕಿಯನ್ನು ಬಹಳ ಆಸಕ್ತಿಯಿಂದ ನೋಡಿದಳು.

"ಅವಳನ್ನ ಕೇಳೋ ಹಾಗಿಲ್ಲ" ಎಂದ ಓಟಿಸ್. "ಅವಳು ಇಲ್ಲ ಅಂದ್ಕೋಬೇಕು."

ಕೆಂಪು ದೀಪಕ್ಕೆ ಬಸ್ಸು ನಿಂತಾಗ ಬ್ರಿಡಿ ಮುಂದೆ ಹೋಗಿ ಕೇಳಿದಳು. ಡಾರಿಲ್ ಗಡ್ಡ ಕೆರೆದುಕೊಂಡ. "ಸ್ವಾನ್ಸಿನಾ? ಅದು ಆ ಕಡೆ ದಂಡೆ ಕಣಮ್ಮ. ಹಿಂದೆ ಕೂತಿದ್ದಾಳಲ್ಲ, ಅವಳನ್ನ ಕೇಳೋದು ಬಿಟ್ಟು ಈಗ ನನ್ನ ಕೇಳ್ತೀಯಲ್ಲ!"

"ಅವಳು ಇಲ್ಲ ಅಂದ್ಕೊಂಡಿದ್ದೀವಿ."

"ನಾವೂ ಎಷ್ಟೋ ವರ್ಷ ಹಾಗೆ ಅಂದ್ಕೊಳ್ಳೋಕೆ ನೋಡಿದ್ವಿ. ಆಗ್ಲಿಲ್ಲ."

ಓಟಿಸ್ ಅಳತೊಡಗಿದ. "ನಾನು ಸ್ವಾನ್ಸಿ ಅನ್ನಲಿಲ್ಲ. ಸರೋವರ ಅಂದ್ಬಿಟ್ಟೆ." ನೋಲೀನ್ ಅವನ ಬೆನ್ನ ಮೇಲೆ ಕೈ ಇಟ್ಟಳು, ಅಷ್ಟೇ. ಬ್ರಿಡಿ ಅವನನ್ನು ನೋಡಿ, "ನಾನು ಹಲಗೆ ಓದ್ಬೇಕಿತ್ತು. ಓದಲಿಲ್ಲ" ಎಂದಳು.

ಸೆಫಾ ತನ್ನ ಗಡಿಯಾರ ನೋಡಿದ. ಈಗ ಹಿಂದಕ್ಕೆ ಹೋದರೆ ಬಂಡೆಗಳ ಮೇಲೆ ನೀರು ಬಂದಿರುತ್ತದೆ. ಮೂವರೂ ತಲೆ ಜೋಡಿಸಿ ನಕ್ಷೆಯ ಮೇಲೆ ಬಾಗಿದರು. ಸೆಫಾ ಸರೋವರದ ಸುತ್ತ ಬೆರಳಾಡಿಸಿದ. "ಇದೆಲ್ಲ ಒಂದೇ ಸರೋವರ ಅಲ್ವಾ? ಆ ಕಡೆ ಕಾಡಿತ್ತು ಅಂದ್ರೆ ಈ ಕಡೇನೂ ಇದ್ದಿರ್ಬೇಕಲ್ಲ?" ಈ ಸಲ ಕೇಳಲು ಹೋದವನು ಓಟಿಸ್. ಕಣ್ಣೊರೆಸಿಕೊಂಡು, ಮೊದಲು ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡು, ಆಮೇಲೆ ಗಡ್ಡದವನ ಎದುರು ನಿಂತ.

"ಈ ಕಡೆ ದಂಡೇಲಿ ಕಲ್ಲಾಗಿರೋ ಮರ ಎಲ್ಲಿದೆ?"

ಡಾರಿಲ್ ನಕ್ಕುಬಿಟ್ಟ. "ಫೆನ್ನೆಲ್ ಕೊಲ್ಲೀಲಿದೆಯಪ್ಪಾ, ನೀರೊಳಗೆ. ಹಿಂದೆ ಬೇಕಾದಷ್ಟಿತ್ತಂತೆ, ಜನ ಕಿತ್ಕೊಂಡು ಹೋಗಿ ತೋಟದಲ್ಲಿಟ್ಕೊಂಡ್ರು. ಈಗ ಒಂದೆರಡು ಉಳಿದಿರ್ಬಹುದು. ಇದನ್ನೆಲ್ಲ ನನಗೆ ಯಾರು ಹೇಳಿದ್ದು ಗೊತ್ತಾ? ಆ ಇಲ್ಲದೋಳೇ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ."

ಸೇತುವೆಯ ಹತ್ತಿರ ಇಳಿಸಿದ. ಸರೋವರದಲ್ಲಿ ಭರತ ಇಳಿತ ಅಷ್ಟಾಗಿ ಇಲ್ಲ. ಯಾವ ಹೊತ್ತಿಗಾದರೂ ಹೋಗಬಹುದು. ದಂಡೆಯುದ್ದಕ್ಕೂ ಹುಡುಕಿದರು. 'ಸಿಕ್ಕಿತು' ಎಂದು ಓಟಿಸ್ ಕೂಗಿದ್ದು ಒಂದು ಹಳೆಯ ಟೈರನ್ನು ಕಂಡು. ಆಮೇಲೆ ಅದು ಕಂಡಿತು. ಮೊಣಕಾಲುದ್ದ ನೀರಿನಲ್ಲಿ ಕಂದು ಬಣ್ಣದ ಒಂದು ಮೋಟು, ತೊಗಟೆಯ ಗೆರೆ ಗೆರೆಯೂ ಹಾಗೇ. ಸೆಫಾ ಶೂ ಬಿಚ್ಚಲು ಬಾಗಿದ.

"ಬಿಚ್ಚಬೇಡ! ಸಿಂಪಿ ಕಾಲು ಸೀಳತ್ತೆ" ಎಂದಳು ನೋಲೀನ್. ಶಾಲೆಗೆ ಮರಳುವವರೆಗೆ ಅವಳು ಮಕ್ಕಳಿಗೆ ಹೇಳಿದ ಮಾತು ಅದೊಂದೇ.

ಶೂ ಸಮೇತ ನೀರಿಗಿಳಿದು ಮುಟ್ಟಿದರು. ತಣ್ಣಗಿತ್ತು, ಕಲ್ಲಿನ ಹಾಗೆಯೇ. ಅಂಗಳದ ಆ ಕಪ್ಪು ಬಟ್ಟೆಯ ಮೇಲೆ ಇದು ಎಲ್ಲಿ ಬರುತ್ತದೆ ಎಂದು ಬಹಳ ಹೊತ್ತು ವಾದ ಮಾಡಿದರು. ಕೊನೆಯ ಹತ್ತಿರ, ಆದರೆ ಕೆಂಪು ದಾರಕ್ಕಿಂತ ಎಷ್ಟೋ ಮುಂಚೆ ಎಂದಳು ಬ್ರಿಡಿ. "ಅಂದ್ರೆ ಇದನ್ನ ನೋಡೋಕೆ ಆವಾಗ ಯಾರೂ ಇರಲಿಲ್ಲ" ಎಂದ ಓಟಿಸ್, ಮೋಟಿನ ಮೇಲಿಂದ ಕೈ ತೆಗೆಯದೆ. ವೆಜಿಮೈಟ್ ಎಂಬ ಉಪ್ಪಾದ ಕಪ್ಪು ಲೇಪ ಸವರಿದ ಬ್ರೆಡ್ಡನ್ನು ಒದ್ದೆ ಕೈಯಲ್ಲೇ ತಿಂದರು.

ಶಾಲೆಗೆ ಮರಳುವ ಹೊತ್ತಿಗೆ ತಡವಾಗಿತ್ತು. ಗೇಟಿನಲ್ಲಿ ಓಟಿಸ್‌ನ ಅಪ್ಪ ಕ್ರೇಗ್ ಕಾಯುತ್ತಿದ್ದ, ಪಕ್ಕದಲ್ಲಿ ವೆಸ್ನಾ. ಮಗನ ಒದ್ದೆ ಶೂ ನೋಡಿ ಅವನ ಮುಖ ಕೆಂಪಾಯಿತು.

"ಎಲ್ಲಿ ಹೋಗಿದ್ರಿ?"

"ಅಪ್ಪಾ, ತಪ್ಪು ಬಸ್ ಹತ್ತಿದ್ವಿ! ನಾನೇ ತಪ್ಪು ಕೇಳಿದ್ದು!" ಓಟಿಸ್‌ನ ದನಿಯಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. "ಆಮೇಲೆ ನಕ್ಷೇಲಿ ನೀರು ಆ ಕಡೆ ಬಂತು, ಆಮೇಲೆ ನಾನೇ ಸರಿಯಾಗಿ ಕೇಳ್ದೆ."

ಕ್ರೇಗ್ ನೋಲೀನಳ ಕಡೆ ತಿರುಗಿದ. "ಇಷ್ಟು ವರ್ಷ ಬಸ್ ಓಡಿಸಿದೋರು ನೀವು. ನಿಮಗೂ ಗೊತ್ತಾಗ್ಲಿಲ್ವಾ?"

ಗೊತ್ತಾಗಲಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ನೋಲೀನ್ ಪೆಪ್ಪರ್‌ಮಿಂಟನ್ನು ದವಡೆಗೆ ಸರಿಸಿದಳು. "ಗೊತ್ತಿತ್ತು. ಹತ್ತೋಕೆ ಮುಂಚೆನೇ ಗೊತ್ತಿತ್ತು."

ಮಕ್ಕಳ ಬಾಯಿ ತೆರೆದೇ ಇತ್ತು. "ಗೊತ್ತಿತ್ತಾ?" ಎಂದ ಓಟಿಸ್. "ಮತ್ತೆ ಯಾಕೆ ಹತ್ತಿದೆ?"

"ನೀವು ಹತ್ತಿದ್ರಲ್ಲ."

ಸೆಫಾ ಮೊದಲು ನಕ್ಕ. ಆಮೇಲೆ ಮೂವರೂ ಅವಳ ಸುತ್ತ ನಿಂತು, ಸರೋವರ ಕಂಡಾಗ ಹೇಗನಿಸಿತು, ಪೆಲಿಕನ್ ನೋಡಿದ್ದು ನಾಟಕವಾ, ಎಷ್ಟು ಪೆಪ್ಪರ್‌ಮಿಂಟ್ ತಿಂದೆ ಎಂದು ಕಾಡತೊಡಗಿದರು. ಕ್ರೇಗ್‌ಗೆ ನಗು ಬರಲಿಲ್ಲ. "ಮಕ್ಕಳ ಹತ್ರ ಮಾತಾಡ್ಬೇಡಿ, ಸರಿ. ನನಗೊಂದು ಫೋನ್ ಮಾಡಬಹುದಿತ್ತಲ್ಲ? ಇಲ್ಲಿ ನಿಂತು ಜೀವ ಹೋಗಿ ಬಂತು."

ಅವನು ಹೇಳಿದ್ದು ಸರಿಯಾಗಿತ್ತು. ನೋಲೀನ್ ಕ್ಷಮೆ ಕೇಳಿದಳು. ಅಂದಿನಿಂದ ಹೊರಗೆ ಹೋದಾಗ ತಡವಾದರೆ ಮನೆಯವರಿಗೆ ತಿಳಿಸುವುದು ಅಲ್ಲಿ ಕಡ್ಡಾಯವಾಗಿದೆ.

ಎಲ್ಲರೂ ಹೋದ ಮೇಲೆ ಅವಳು ವೆಸ್ನಾಳ ಎದುರು ನಿಂತಳು. "ಒಂದು ಮಾತು ಆಡ್ಬಿಟ್ಟೆ."

"ಏನಂತ?"

"ಶೂ ಬಿಚ್ಚಬೇಡ, ಸಿಂಪಿ ಇದೆ ಅಂತ."

ವೆಸ್ನಾ ಬೀಗದ ಕೈ ಎತ್ತಿಕೊಂಡಳು. "ಸೋಮವಾರ ಬೇಗ ಬನ್ನಿ" ಎಂದಷ್ಟೇ ಹೇಳಿ ದೀಪ ಆರಿಸಿದಳು.

ಅದರ ಅರ್ಥವೇನೆಂದು ತಿಳಿಯದೆ ನೋಲೀನ್ ಎರಡು ದಿನ ಕಳೆದಳು. ಭಾನುವಾರ ಎಂದಿನಂತೆ ಪರ್ತ್‌ನಿಂದ ಲೀಯಾನಳ ಫೋನು. ಸಾಮಾನ್ಯವಾಗಿ ತಾಯಿ ಮಾತಾಡುವುದು, ಮಗಳು ಹೂಂಗುಟ್ಟುವುದು. ಈ ಸಲ ನೋಲೀನ್ "ಹೇಗಿದ್ದೀಯಮ್ಮಾ?" ಎಂದು ಕೇಳಿ, ಅಭ್ಯಾಸಬಲದಿಂದ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡಳು. ಆ ಕಡೆಯಿಂದ ಸದ್ದಿಲ್ಲ.

"ಅಮ್ಮಾ? ಫೋನ್ ಕಟ್ಟಾಯ್ತಾ?"

"ಇಲ್ಲ. ಕೇಳ್ತಾ ಇದ್ದೀನಿ."

ಆಮೇಲೆ ಲೀಯಾನ್ ಮಾತಾಡತೊಡಗಿದಳು. ಕೆಲಸದ ಬಗ್ಗೆ, ನಿದ್ದೆ ಬಾರದಿರುವುದರ ಬಗ್ಗೆ, ಅಪ್ಪ ತೀರಿಹೋದ ವರ್ಷ ತನಗೆ ಅಳಲಾಗದೆ ಇದ್ದುದರ ಬಗ್ಗೆ. ಅಂದು ಓಟಿಸ್‌ಗೆ ಮಾಡಿದ ಹಾಗೆ ನೋಲೀನ್ ಒಂದು ಸಲವೂ ಕಡ್ಡಿಯನ್ನು ತೋರಿಸಿಕೊಡಲಿಲ್ಲ. "ಅದಕ್ಕೆ ಮುಂಚೆ ನನ್ನ ಮಗಳ ದನಿ ಅಷ್ಟು ಹೊತ್ತು ಕೇಳಿದ್ದು ಅವಳು ಕೂಸಾಗಿದ್ದಾಗಲೇ" ಎಂದು ಹೇಳುವಾಗ ಅವಳು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾಳೆ. "ಆ ಮೂರು ಮಕ್ಕಳಿಗೂ ವೆಸ್ನಾಗೂ ನಾನು ಯಾವತ್ತಾದ್ರೂ ಸರಿಯಾಗಿ ಥ್ಯಾಂಕ್ಸ್ ಹೇಳಿದ್ದೀನೋ ಇಲ್ವೋ. ಹೇಳೋಕೆ ಹೋದ್ರೆ ಮತ್ತೆ ಉದ್ದ ಆಗತ್ತೆ."

ಸೋಮವಾರ ಅವಳು ಬೇಗ ಹೋದಳು. ಮಕ್ಕಳು ಇನ್ನೂ ಬೇಗ ಬಂದಿದ್ದರು. ಮಳೆ ಹನಿಯುತ್ತಿತ್ತು, ನೋಲೀನ್ ಅಭ್ಯಾಸದಂತೆ ಪೊರಕೆಯ ಬೀರುವಿನ ಕಡೆ ನಡೆದಾಗ ಓಟಿಸ್ ಅಡ್ಡ ನಿಂತ.

"ಅಲ್ಲಲ್ಲ. ಇಲ್ಲಿ."

ಸಾಲಿನ ಕೊನೆಯಲ್ಲಿ, ಅವನ ಕೊಕ್ಕೆಯ ಪಕ್ಕದಲ್ಲೇ, ಹೊಸದೊಂದು ಕೊಕ್ಕೆ. ಬಿಲ್ಲೆಯ ಮೇಲೆ ಇನ್ನೂ ಹೆಸರಿರಲಿಲ್ಲ. ಎಲ್ಲರೂ ತಮ್ಮದನ್ನು ತಾವೇ ಬರೆದದ್ದು, ಆದ್ದರಿಂದ ಅವಳೂ ಬರೆಯಬೇಕು ಎಂದು ಬ್ರಿಡಿ ಕುಂಚ ಕೊಟ್ಟಳು. ನೋಲೀನ್ ನೆಲದ ಮೇಲೆ ಕೂತು ಬರೆದಳು. ಬಿಲ್ಲೆ ಒಣಗಲೆಂದು ಮಕ್ಕಳು ಬಾಯಿಂದ ಗಾಳಿ ಊದಿದರು.

ಕೋಟು ನೇತುಹಾಕಿದರೆ ಅಂಚು ನೆಲ ಒರೆಸಿತು. ವೆಸ್ನಾ ದೂರದಿಂದ ಅದನ್ನು ಕಂಡಳು. "ಕೊಕ್ಕೆ ಮೇಲಕ್ಕೆ ಹೊಡೆಸ್ಲಾ ನೋಲೀನ್?"

ನೋಲೀನ್ ಬೇಡವೆಂದು ತಲೆಯಾಡಿಸಿದಳು. ಕೋಟು ಈಗಲೂ ಅಲ್ಲೇ ತೂಗುತ್ತದೆ, ನೆಲ ಒರೆಸುತ್ತಾ.